ನಾನೇ ಆ ರಬ್ಬರು

ನನಗೆ ಇವತ್ತಿಗೂ ಹೊಟ್ಟೆ ಉರಿಯುವ ಸಂಗತಿ ಒಂದಿದೆ. ಎರಡನೇ ಕ್ಲಾಸಿನ ನಾಲ್ಕು ಮಕ್ಕಳು ಸೇರಿ ನನ್ನನ್ನು ರಬ್ಬರು ಮಾಡಿಬಿಟ್ಟರು! ಪೆನ್ಸಿಲ್ ಗೀಟು ಅಳಿಸುವ ರಬ್ಬರು. ಅದೂ ಹೊಸದಲ್ಲ, ಯಾರೋ ತಲೆ ಕಚ್ಚಿ ತಿಂದಿದ್ದು. ಈ ಊರಿನ ಅರ್ಧಕ್ಕರ್ಧ ಮನೆಗಳ ಕಿಟಕಿ ಬಾಗಿಲು ಮಾಡಿದ ಬಡಗಿ ನಾನು. ನನ್ನ ಯೋಗ್ಯತೆಗೆ ಬೇರೇನೂ ಸಿಗಲಿಲ್ಲವೇ? ಒಂದು ಇಡೀ ಚಾಕ್‌ಪೀಸಾದರೂ?

ಮೊದಲಿಂದ ಹೇಳುತ್ತೇನೆ. ಮಧ್ಯೆ ನಗಬೇಡಿ. ನನಗೆ ಸಿಟ್ಟು ಬೇಗ ಬರುತ್ತದೆ.

ಮಗಳ ಶಾಲೆಯಲ್ಲಿ ಈಗ ಪಾಠ ಓದಿಸುವುದಕ್ಕಿಂತ ಮಾಡಿಸುವುದೇ ಹೆಚ್ಚು. ನಾಲ್ಕು ನಾಲ್ಕು ಮಕ್ಕಳ ಗುಂಪು. ಒಬ್ಬರು ಅಳೆಯಬೇಕು, ಒಬ್ಬರು ಸಾಮಾನು ತರಬೇಕು, ಒಬ್ಬರು ಹೊತ್ತು ನೋಡಬೇಕು, ಇನ್ನೊಬ್ಬರು ಎಲ್ಲರ ಮಾತೂ ಕೇಳಿಸಿಕೊಳ್ಳಬೇಕು. ಕೇಳಿಸಿಕೊಳ್ಳುವುದೂ ಒಂದು ಕೆಲಸವಂತೆ! ನಾನು ಶಾಲೆಗೆ ಹೋಗಿದ್ದು ನಾಲ್ಕನೇ ಕ್ಲಾಸಿನವರೆಗೆ. ಆಗ ಪಕ್ಕದವನ ಸ್ಲೇಟಿನ ಕಡೆ ಕಣ್ಣು ಹೊರಳಿಸಿದರೆ ಬೆನ್ನಿಗೆ ಗುದ್ದು ಬೀಳುತ್ತಿತ್ತು. ಈಗ ಪಕ್ಕದವನ ಜೊತೆ ಸೇರದಿದ್ದರೆ ತಪ್ಪು!

ನನ್ನ ಮಗಳ ಗುಂಪಿನ ಪಾಲಿಗೆ ಕ್ಲಾಸಿನ ಪುಸ್ತಕದ ಕಪಾಟು ಬಂತು. ಟೀಚರ್ ಗೇಟಿನ ಹತ್ತಿರ ನನ್ನನ್ನು ಹಿಡಿದರು.

"ನೀವು ಹಲಗೆ ಕೊಯ್ದು ಜೋಡಿಸಿ ಕೊಡಿ, ಸಾಕು. ಉಜ್ಜೋದು, ಬಣ್ಣ ಹಚ್ಚೋದು ಮಕ್ಕಳೇ ಮಾಡ್ಲಿ. ಭಾನುವಾರ ನಿಮ್ಮನೆಗೆ ಬರ್ತಾರೆ."

ಟೀಚರ್ ಎದುರು ಕುರಿಯ ಹಾಗೆ ತಲೆ ಆಡಿಸಿದೆ. ಮನೆಗೆ ಬಂದಮೇಲೆ ಹುಲಿಯಾದೆ.

"ಮಕ್ಕಳು ಕೈ ಹಾಕಿದ ಮರ ಒಲೆಗೇ ಸರಿ! ನಾನೊಬ್ಬನೇ ಮಾಡ್ತೀನಿ, ಒಬ್ಬನೇ ಬಣ್ಣ ಹಚ್ತೀನಿ, ಒಬ್ಬನೇ ಹೊತ್ತು ತಂದು ಮುಂದಿನ ಕೋಣೇಲಿ ನಿಲ್ಲಿಸ್ತೀನಿ. ಅವು ಬರೋಷ್ಟರಲ್ಲಿ ಮುಖ ಕಾಣೋ ಹಾಗೆ ಹೊಳೀತಿರ್ಬೇಕು!"

"ಹಾಗಾದ್ರೆ ನಮಗೆ ಏನು ಉಳೀತು ಅಪ್ಪ?" ಎಂದಳು ಮಗಳು.

"ನೋಡೋದು ಉಳೀತು!"

"ಯಾರು ಯಾರು ಏನೇನು ಮಾಡಿದ್ವಿ ಅಂತ ಸೋಮವಾರ ಎಲ್ಲರ ಮುಂದೆ ನಿಂತು ಹೇಳ್ಬೇಕು. ಏನಂತ ಹೇಳಲಿ?"

"ನಮ್ಮಪ್ಪ ಮಾಡಿದ್ರು ಅಂತ ಹೇಳು. ಅದಕ್ಕೇನು ನಾಚಿಕೆ?"

"ಅದು ಗುಂಪಲ್ಲ. ಅದು ನೀನು" ಎಂದು ಕಣ್ಣು ತುಂಬಿಕೊಂಡು ಎದ್ದು ಹೋದಳು.

ಹೆಂಡತಿ ನನ್ನನ್ನು ಒಂದು ನೋಟ ನೋಡಿದಳು. ಆ ನೋಟಕ್ಕೆ ಮೊಳೆ ಬಾಗುತ್ತದೆ. ನಾನು ಬಾಗಲಿಲ್ಲ.

ನಮ್ಮ ಮನೆಯ ಹಿಂದಿನ ಕೋಣೆಯೇ ನನ್ನ ಕಾರ್ಖಾನೆ. ಒಂದೇ ಬಾಗಿಲು, ಸರಳು ಹಾಕಿದ ಒಂದು ಕಿಟಕಿ. ಬಾಗಿಲು ದಾಟಿದರೆ ಇಕ್ಕಟ್ಟಾದ ನಡುಮನೆ, ಎದುರಿಗೆ ಗೋಡೆ. ಭಾನುವಾರದ ಹೊತ್ತಿಗೆ ಕಪಾಟು ಎದ್ದು ನಿಂತಿತು. ಆಹಾ! ಅರಮನೆಗೆ ಇಡಬಹುದು! ಆದರೆ ಅರಮನೆಯ ಬಾಗಿಲೂ ಬೇಕಾಗಿತ್ತು, ಏಕೆಂದರೆ ಕಪಾಟು ಕೋಣೆಯ ಬಾಗಿಲಿಗಿಂತ ಒಂದು ಗೇಣು ಎತ್ತರ.

"ರೀ, ಇದು ಈ ಬಾಗಿಲಲ್ಲಿ ಹೋಗುತ್ತಾ?"

"ಬಡಗಿಗೆ ಅಳತೆ ಹೇಳಿಕೊಡ್ತೀಯೇನೇ? ಓರೆ ಮಾಡಿದ್ರೆ ಹೋಗುತ್ತೆ."

"ನಾನು ಆ ಕಡೆ ಹಿಡೀಲಾ?"

"ಕೈ ಹಾಕಬೇಡ! ಬಣ್ಣ ಕೆಡುತ್ತೆ!"

ಹತ್ಯಾರದ ಪೆಟ್ಟಿಗೆಯನ್ನು ಆಗಲೇ ಮುಂದಿನ ಕೋಣೆಗೆ ಸಾಗಿಸಿ ಆಗಿತ್ತು. ಕೆಲಸ ಮುಗಿದ ಮೇಲೆ ಇನ್ನೇಕೆ? ಕೋಣೆಯೊಳಗೆ ನಿಂತು ಕಪಾಟಿನ ತಲೆಯನ್ನು ಹೊರಕ್ಕೆ ಬಗ್ಗಿಸಿ ತಳ್ಳಿದೆ. ತಲೆ ಹೋಗಿ ಎದುರಿನ ಗೋಡೆಗೆ ಬಡಿಯಿತು. ಬೆನ್ನು ಬಾಗಿಲ ಚೌಕಟ್ಟಿಗೆ ಸಿಕ್ಕಿತು. ಹಿಂದಕ್ಕೆ ಎಳೆದೆ. ಬರಲಿಲ್ಲ. ಇಲ್ಲಿ ಬುದ್ಧಿ ಇದ್ದವನು ಒಂದು ಲೋಟ ನೀರು ಕುಡಿಯುತ್ತಾನೆ. ನಾನು ಒದ್ದೆ.

ಗಟ್ಟಿ ಕೆಲಸ ನೋಡಿ, ಕಪಾಟು ಮುರಿಯಲಿಲ್ಲ. ಚೌಕಟ್ಟಿನೊಳಗೆ ಬೆಣೆ ಹೊಡೆದ ಹಾಗೆ ಕೂತುಬಿಟ್ಟಿತು. ಕೆಳಗೆ ಸಂದಿಲ್ಲ, ಮೇಲೆ ಸಂದಿಲ್ಲ. ಪಕ್ಕದಲ್ಲಿ ನಾಲ್ಕು ಬೆರಳು ತೂರುವಷ್ಟು ಜಾಗ. ಅದರ ಆಚೆ ನನ್ನ ಹೆಂಡತಿ, ನನ್ನ ಗರಗಸ, ನನ್ನ ಮಾನ. ಈಚೆ ನಾನು!

"ಸಿಕ್ಕಿಹಾಕ್ಕೊಂಡ್ರಾ?"

"ಇಲ್ಲ, ವಿಶ್ರಾಂತಿ ತಗೊಳ್ತಿದ್ದೀನಿ!"

"ಚಹಾ ಕೊಡ್ಲಾ? ಲೋಟ ಬೇಡ, ತೂರಲ್ಲ. ಬ್ರೆಡ್ಡು ತೂರುತ್ತೆ."

ಸಂದಿಯಲ್ಲಿ ಒಂದು ಬ್ರೆಡ್ಡು ಬಂತು. ಜೈಲಿನಲ್ಲಾದರೂ ತಟ್ಟೆ ಕೊಡುತ್ತಾರೆ.

"ಎದುರು ಬೀದಿ ಉಳಿರಾಯರನ್ನ ಕರೀತೀನಿ. ಕೊಯ್ದು ತೆಗೀತಾರೆ."

ಉಳಿರಾಯ ಎಂದರೆ ನನ್ನ ಎದುರಾಳಿ ಬಡಗಿ. ಅವನು ಬಂದು ನನ್ನ ಕಪಾಟನ್ನು ಎರಡು ಹೋಳು ಮಾಡಿ ನನ್ನನ್ನು ಹೊರಗೆಳೆದರೆ, ಆಮೇಲೆ ಈ ಊರಲ್ಲಿ ನಾನು ಮಣೆ ಮಾರಿಕೊಂಡು ಬದುಕಬೇಕು. ಅದಿರಲಿ, ಮಗಳು ಸೋಮವಾರ ತೋರಿಸುವುದೇನನ್ನು? ಎರಡು ಹೋಳನ್ನೇ?

"ಅವನು ಬಂದ್ರೆ ನಾನು ಇಲ್ಲೇ ಸಂಸಾರ ಹೂಡ್ತೀನಿ!" ಎಂದು ಕೂಗುತ್ತಿರುವಾಗಲೇ ಮಕ್ಕಳು ಬಂದರು.

ಸಂದಿಯಲ್ಲಿ ಒಂದರ ಮೇಲೊಂದು ಕಣ್ಣುಗಳು. ಎರಡು ಜಡೆಯ ಹುಡುಗಿ, ಕನ್ನಡಕದ ಹುಡುಗ, ಮುಂದಿನ ಹಲ್ಲು ಬಿದ್ದ ಪುಟಾಣಿ, ಎಲ್ಲಕ್ಕಿಂತ ಕೆಳಗೆ ನನ್ನ ಮಗಳು.

"ಅಂಕಲ್, ನೀವು ಯಾಕೆ ಒಳಗಿದ್ದೀರಾ?" ಎಂದಿತು ಪುಟಾಣಿ.

ನಾನು ಬಾಯಿಗೆ ಬಂದ ಹಾಗೆ ಅಬ್ಬರಿಸತೊಡಗಿದೆ. "ಎಲ್ಲರೂ ದೂರ ಸರೀರಿ! ಏ ಜಡೆ, ಮುಟ್ಟಬೇಡ! ಏ ಕನ್ನಡಕ..."

"ಅಪ್ಪ" ಎಂದಳು ಮಗಳು. ಇವತ್ತು ಕೇಳಿಸಿಕೊಳ್ಳುವ ಕೆಲಸ ಅವಳದಂತೆ. "ನಿನ್ನ ಸರದಿ ಇನ್ನೂ ಬಂದಿಲ್ಲ. ಎಲ್ಲರೂ ಒಂದೊಂದು ಸಲ ಹೇಳ್ಬೇಕು. ಮೊದಲು ಜಡೆ."

ನನ್ನ ಮನೆ, ನನ್ನ ಕೋಣೆ, ನನ್ನ ಕಪಾಟು, ನನಗೆ ಸರದಿ!

"ಕ್ಲಾಸಲ್ಲಿ ಮಾಡೋ ಹಾಗೆ ಮೊದಲು ಚಿಕ್ಕದು ಮಾಡೋಣ" ಎಂದಳು ಜಡೆ.

ಚಪ್ಪಲಿ ಪೆಟ್ಟಿಗೆಯೊಂದು ಬಂತು. ಅದಕ್ಕೆ ಕತ್ತರಿಯಲ್ಲಿ ಒಂದು ಬಾಗಿಲು ಕೊರೆದರು. ಅದು ಕೋಣೆ. ಎದುರಿಗೆ ನಿಲ್ಲಿಸಿದ ಪುಸ್ತಕ ಗೋಡೆ. ಕನ್ನಡಕ ದಾರ ಹಿಡಿದು ಅಳೆದೂ ಅಳೆದೂ ಒಂದು ರಟ್ಟಿನ ಡಬ್ಬಿ ಕತ್ತರಿಸಿದ. ಅದು ಕಪಾಟು.

"ಅಂಕಲ್ ಎಲ್ಲಿ? ಅಂಕಲ್ ಬೇಕಲ್ವಾ ಒಳಗೆ?" ಎಂದಳು ಜಡೆ.

ಪುಟಾಣಿ ಜೇಬಿಗೆ ಕೈ ಹಾಕಿ ಆ ರಬ್ಬರು ತೆಗೆದ.

"ಅದರ ತಲೆ ಯಾರೋ ಕಚ್ಚಿದ್ದಾರಲ್ಲೋ" ಎಂದ ಕನ್ನಡಕ.

ಪುಟಾಣಿ ಸಂದಿಯಲ್ಲಿ ನನ್ನ ತಲೆಯನ್ನು ಒಮ್ಮೆ, ರಬ್ಬರನ್ನು ಒಮ್ಮೆ ನೋಡಿದ. "ಅಂಕಲ್‌ಗೂ ಮುಂದೆ ಕೂದಲಿಲ್ಲ. ಸರಿಹೋಗುತ್ತೆ."

ನಡುಮನೆಯಲ್ಲಿ ನನ್ನ ಹೆಂಡತಿ ಗೋಡೆ ಹಿಡಿದುಕೊಂಡು ನಗುತ್ತಿರುವುದು ಕೇಳಿಸಿತು.

ಆಮೇಲೆ ನನ್ನನ್ನು, ಅಂದರೆ ರಬ್ಬರನ್ನು, ಒಳಗಿಟ್ಟು ಕಪಾಟನ್ನು ತಿರುಗಿಸಿದರು. ಬಗ್ಗಿಸಿದರೆ ಸಿಕ್ಕಿತು. ನಿಲ್ಲಿಸಿದರೆ ತಾಗಿತು. ನಾನು ಹಲವು ಸಲ ಕಪಾಟಿನ ಅಡಿ ಬಿದ್ದೆ. ಒಂದು ಸಲ ಉರುಳಿಕೊಂಡು ಅಡುಗೆಮನೆಗೇ ಹೋದೆ. "ಅಂಕಲ್ ಹೋದ್ರು, ಅಂಕಲ್ ಹೋದ್ರು" ಎಂದು ಓಡಿ ಹಿಡಿದು ತಂದರು. ಕೊನೆಗೆ ಜಡೆ ಕಪಾಟನ್ನು ಪಕ್ಕಕ್ಕೆ ಮಲಗಿಸಿ, ಮುಂದಿನ ತುದಿಯನ್ನು ಮೂಲೆ ಸುತ್ತಿಸಿ ತಂದಳು. ಹಾವಿನ ಹಾಗೆ ಜಾರಿ ಹೊರಗೆ ಬಂತು!

ನಿಜ ಹೇಳುತ್ತೇನೆ, ಈ ವಿದ್ಯೆ ನನಗೆ ಗೊತ್ತಿಲ್ಲದ್ದಲ್ಲ. ಎಷ್ಟು ಮಂಚ, ಎಷ್ಟು ಬೀರು ಹೀಗೆ ದಾಟಿಸಿಲ್ಲ! ಆದರೆ ಅದಕ್ಕೆ ಎರಡು ತುದಿಗೂ ಜನ ಬೇಕು. ಒಬ್ಬನೇ ಎಂದು ಶಪಥ ಮಾಡಿದವನಿಗೆ ಆ ದಾರಿ ಕಣ್ಣಿಗೇ ಬಿದ್ದಿರಲಿಲ್ಲ.

"ಈಗ ನಿನ್ನ ಸರದಿ ಅಪ್ಪ. ಹೇಳು."

ಸಂದಿಯಲ್ಲಿ ಮಗಳ ಒಂದು ಕಣ್ಣು ಮಾತ್ರ ಕಾಣುತ್ತಿತ್ತು. ಬೈಗುಳ ಹುಡುಕಿದೆ, ಸಿಗಲಿಲ್ಲ.

"ಮೊದಲು ಇದನ್ನ ಹಿಂದಕ್ಕೆ ತರ್ಬೇಕು" ಎಂದೆ. "ನೀವು ಆ ಕಡೆಯಿಂದ ತಲೆ ತಳ್ಳಿ, ನಾನು ಈ ಕಡೆಯಿಂದ ಕಾಲು ಎಳೀತೀನಿ. ಒಟ್ಟಿಗೆ. ಸ್ವಲ್ಪ... ಸಹಾಯ ಮಾಡ್ತೀರಾ?"

"ಏನು? ಕೇಳಿಸಲಿಲ್ಲ" ಎಂದಳು ಹೆಂಡತಿ. ಅವಳಿಗೆ ಚೆನ್ನಾಗಿಯೇ ಕೇಳಿಸಿತ್ತು.

"ಸಹಾಯ ಮಾಡ್ರಪ್ಪಾ, ಮಾಡ್ರಮ್ಮಾ!"

ಪುಟಾಣಿ ಒಂದು, ಎರಡು, ಮೂರು ಎಣಿಸಿದ. ಹೆಂಡತಿ, ಮಕ್ಕಳು ತಳ್ಳಿದರು. ನಾನು ಎಳೆದೆ. ಕರ್ರ್ ಎಂದು ಕಪಾಟು ಬಿಟ್ಟುಕೊಂಡಿತು, ನಾನು ಮರದ ಹೊಟ್ಟು ತುಂಬಿದ ಮೂಟೆಯ ಮೇಲೆ ಬಿದ್ದು ಕೂತೆ. ಬಾಗಿಲು ತೆರವಾಯಿತು. ಮೊದಲು ಒಳಗೆ ಬಂದದ್ದು ಚಹಾ. ಆಮೇಲೆ ಕಪಾಟನ್ನು ಪಕ್ಕಕ್ಕೆ ಮಲಗಿಸಿ, ನಾನೊಂದು ತುದಿ, ಹೆಂಡತಿಯೊಂದು ತುದಿ, ಮುಂದೆ ಮಗಳು "ಎಡಕ್ಕೆ ಅಪ್ಪ, ನಿಧಾನ ಅಮ್ಮ" ಎನ್ನುತ್ತಾ ದಾರಿ ತೋರಿಸಿ, ಮುಂದಿನ ಕೋಣೆ ಸೇರಿಸಿದೆವು.

ಬೆಳಕಿನಲ್ಲಿ ನೋಡಿದರೆ ನನ್ನ ಅರಮನೆಯ ಮೈತುಂಬ ಗೀರು! ಮುಖ ಕಾಣುವ ಹೊಳಪೆಲ್ಲ ಬಾಗಿಲ ಚೌಕಟ್ಟಿಗೆ ಅಂಟಿಕೊಂಡಿತ್ತು. ನನ್ನ ಎದೆ ಒಡೆಯಿತು. ಮಗಳ ಮುಖ ಅರಳಿತು.

"ಅಪ್ಪ! ಇದನ್ನೆಲ್ಲ ಈಗ ಉಜ್ಜಬೇಕು ಅಲ್ವಾ? ಮತ್ತೆ ಬಣ್ಣ ಹಚ್ಚಬೇಕು ಅಲ್ವಾ?"

ನನ್ನ ಒದೆಯಿಂದ ನಾಲ್ಕು ಮಕ್ಕಳಿಗೆ ಕೈತುಂಬ ಕೆಲಸ ಸಿಕ್ಕಿತು. ಸ್ಯಾಂಡ್ ಪೇಪರನ್ನು ಮರದ ಎಳೆಯ ಗುಂಟ ಹೇಗೆ ಎಳೆಯಬೇಕು ಎಂದು ತೋರಿಸಿದೆ. ಒಂದೇ ಒಂದು ಸಲ ಕೂಗಿದೆ. ಆಗ ನಾಲ್ಕೂ ಒಟ್ಟಿಗೆ "ಸರದಿ!" ಎಂದವು. ಬಣ್ಣ ಅಲ್ಲಲ್ಲಿ ದಪ್ಪ, ಅಲ್ಲಲ್ಲಿ ತೆಳು. ಕೆಳಗಿನ ಹಲಗೆಯ ಮೇಲೆ ಪುಟಾಣಿಯ ಅಂಗೈ ಗುರುತು ಹಾಗೇ ಉಳಿದಿದೆ. ನೋಡಿದಾಗಲೆಲ್ಲ ಕೈ ತುರಿಸುತ್ತದೆ. ಮುಟ್ಟಿಲ್ಲ.

ಸೋಮವಾರ ಕಪಾಟು ಇಳಿಸಿ ಕ್ಲಾಸಿನ ಬಾಗಿಲಲ್ಲಿ ನಿಂತಿದ್ದೆ. "ಇದನ್ನ ಯಾರು ಮಾಡಿದ್ದು?" ಎಂದು ಟೀಚರ್ ಕೇಳಿದರು. ಮಗಳು ಎಲ್ಲರ ಮುಂದೆ ನಿಂತು ಒಬ್ಬೊಬ್ಬರ ಕೆಲಸವನ್ನೂ ಹೇಳಿ, ಕೊನೆಗೆ ಬಾಗಿಲ ಕಡೆ ಕೈ ಚಾಚಿದಳು.

"ಮತ್ತೆ ನಮ್ಮಪ್ಪ. ಅವರು ಸಹಾಯ ಕೇಳಿದ್ರು. ನಮ್ಮ ಗುಂಪಲ್ಲಿ ಐದು ಜನ."

ಇಡೀ ಕ್ಲಾಸು ಚಪ್ಪಾಳೆ ತಟ್ಟಿತು. ನನ್ನ ಕಣ್ಣಿಗೆ ಮರದ ಪುಡಿ ಬಿತ್ತು. ಅಲ್ಲಿ ಮರದ ಪುಡಿ ಎಲ್ಲಿಂದ ಬಂತು ಎಂದು ನೀವು ಕೇಳಬಾರದು.

ಇನ್ನು ಆ ರಬ್ಬರು. ಗಲಾಟೆಯಲ್ಲಿ ಅದು ನಮ್ಮ ಮನೆಯಲ್ಲೇ ಉಳಿಯಿತು. ಈಗ ನನ್ನ ಹತ್ಯಾರದ ಪೆಟ್ಟಿಗೆಯಲ್ಲಿ, ಉಳಿಯ ಪಕ್ಕದಲ್ಲಿದೆ. ಕೆಲಸದಲ್ಲಿ ಸಿಟ್ಟು ನೆತ್ತಿಗೇರಿದಾಗ ಪೆಟ್ಟಿಗೆ ತೆರೆದು ಅದರ ಬೋಳು ತಲೆ ನೋಡುತ್ತೇನೆ. ಆಮೇಲೆ ಯಾರನ್ನಾದರೂ "ಆ ತುದಿ ಸ್ವಲ್ಪ ಹಿಡೀತೀರಾ?" ಎಂದು ಕೇಳುತ್ತೇನೆ. ಮೊನ್ನೆ ಉಳಿರಾಯನನ್ನೇ ಕೇಳಿದೆ. ಪಾಪ, ಅವನು ಹೆದರಿಬಿಟ್ಟ.

ಪುಟಾಣಿ ಮಾತ್ರ ಬಿಡುತ್ತಿಲ್ಲ. ಶಾಲೆ ಗೇಟಿನಲ್ಲಿ ಕಂಡಾಗಲೆಲ್ಲ ಕೈ ಚಾಚುತ್ತಾನೆ. "ಅಂಕಲ್, ನನ್ನ ರಬ್ಬರು?" ಹೊಸ ರಬ್ಬರಿನ ಒಂದು ಪೊಟ್ಟಣವನ್ನೇ ಕೊಡಲು ಹೋದೆ.

"ಬೇಡ. ನನಗೆ ಅದೇ ಬೇಕು."

"ಅದು ಕಳೆದುಹೋಯ್ತು ಮರಿ."

ಅವನು ಹಲ್ಲಿಲ್ಲದ ಬಾಯಿ ತೆರೆದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಕ್ಕ.

"ಎಲ್ಲಿ ಕಳೆದುಹೋಗಿದೆ ಅಂಕಲ್? ಇಲ್ಲೇ ನಿಂತಿದೆಯಲ್ಲ!"