ಬೀಗರಿಗಾಗಿ ಬೀಸಿದ ಕೋಲು

ನಿಧಾನ ಎಂಬುದು ನಮ್ಮ ಕುಂದಾಪುರದವರ ಜಾತಕದಲ್ಲೇ ಇಲ್ಲ. 'ಬರುತ್ತೇನೆ' ಎಂದು ಪೂರ್ತಿ ಹೇಳುವಷ್ಟು ಪುರುಸೊತ್ತಿಲ್ಲದೆ 'ಬತ್ತೆ' ಎಂದು, ಆ ಮಾತು ಎದುರಿನವರ ಕಿವಿಗೆ ಮುಟ್ಟುವ ಮೊದಲೇ ಅಂಗಳ ದಾಟಿರುವ ಜನ ನಾವು. ಅದರಲ್ಲೂ ನಾನು ಮುಂಬೈಯಲ್ಲಿ ಹೋಟೆಲು ನಡೆಸಿದವನು. ಗಿರಾಕಿ ಕೂರುವ ಮೊದಲೇ ಇಡ್ಲಿ ಬಂದು ಕೂತಿರಬೇಕು, ಅವನು ಏಳುವ ಮೊದಲೇ ಮೇಜು ಒರೆಸಿರಬೇಕು ಎಂಬುದು ನನ್ನ ಧರ್ಮವಾಗಿತ್ತು. ಒಮ್ಮೆ ಅವಸರದಲ್ಲಿ ಒಬ್ಬರ ಮೊಣಕೈಯನ್ನೂ ಸೇರಿಸಿ ಒರೆಸಿದ್ದೆ. ಅಂಥವನಿಗೆ ಈ ವಯಸ್ಸಿನಲ್ಲಿ ನಿಧಾನ ಕಲಿಯುವ ಗ್ರಹಚಾರ ಬಂತೆಂದರೆ ಅದಕ್ಕೆ ನನ್ನ ಬಾಯಿಯೇ ಕಾರಣ.

ನಡೆದದ್ದಿಷ್ಟು. ಮಗಳ ಮದುವೆಯ ಮಾತುಕತೆಗೆಂದು ಬೀಗರಾಗಲಿರುವ ಹೆಗ್ಡೆಯವರು ತಲ್ಲೂರಿನ ನಮ್ಮ ಮನೆಗೆ ಬಂದಿದ್ದರು. ಮೂಲ ಬಾರ್ಕೂರಿನವರು, ಈಗ ಮೈಸೂರಿನಲ್ಲಿ ದೊಡ್ಡ ಹೋಟೆಲು. ಬಂದವರ ಕಣ್ಣು ಚಾವಡಿಯ ಮೂಲೆಗೆ ಒರಗಿಸಿಟ್ಟಿದ್ದ ಗಾಲ್ಫ್ ಕೋಲಿನ ಮೇಲೆ ಬಿತ್ತು. ನಾನು ಮುಂಬೈ ಬಿಡುವಾಗ ಹಳೇ ಗಿರಾಕಿಯೊಬ್ಬರು ನೆನಪಿಗೆಂದು ನಾಲ್ಕು ಚೆಂಡುಗಳ ಸಮೇತ ಕೊಟ್ಟದ್ದು ಅದು. ಚೆಂಡನ್ನು ಎಲ್ಲಕ್ಕಿಂತ ದೂರ ಕಳಿಸುವ ಈ ಗುಂಡುತಲೆಯ ಕೋಲಿಗೆ ಡ್ರೈವರ್ ಎಂದು ಹೆಸರು. ನಮ್ಮ ಮನೆಯಲ್ಲಿ ಅದು ಮಾವಿನಕಾಯಿ ಉದುರಿಸಿಕೊಂಡು ಸುಖವಾಗಿತ್ತು. "ಹ್ವಾಯ್ ಶೆಟ್ರೇ, ನೀವೂ ಗಾಲ್ಫ್ ಆಡ್ತ್ರ್ಯಾ?" ಎಂದು ಹೆಗ್ಡೆಯವರು ಕಣ್ಣರಳಿಸಿದರು. ಇಲ್ಲ ಎನ್ನಲು ಎಷ್ಟು ಹೊತ್ತು ಬೇಕಿತ್ತು? ನಾನು ಮೀಸೆ ತೀಡಿಕೊಂಡು "ಅಲ್ಪಸ್ವಲ್ಪ" ಎಂದುಬಿಟ್ಟೆ. ಕಾಫಿ ಹಿಡಿದು ನಿಂತಿದ್ದ ನನ್ನ ಹೆಂಡತಿ ಶೈಲಾ ನನ್ನನ್ನು ಹೊಸಬರನ್ನು ನೋಡುವಂತೆ ನೋಡಿದಳು. "ಹಾಂಗಾರೆ ನಿಶ್ಚಿತಾರ್ಥಕ್ಕೆ ಬಪ್ಪತಿಗೆ ನಿಮ್ಮ್ ಡ್ರೈವ್ ಕಾಣ್ಕೇ ಸೈ!" ಎಂದು ಹೇಳಿ ಬೀಗರು ಕಾರು ಹತ್ತಿದರು. ನಿಶ್ಚಿತಾರ್ಥಕ್ಕೆ ಬಂದಾಗ ನಾನು ಚೆಂಡು ಹೊಡೆಯುವುದನ್ನು ಅವರು ನೋಡಲೇಬೇಕಂತೆ! ಹೊಡೆಯಲಾಗದಿದ್ದರೆ ಹೋಗುವುದು ಚೆಂಡಲ್ಲ, ನನ್ನ ಮಾನ. ಅಪ್ಪನೇ ಇಂಥ ಬೂಸಿಗಾರ ಎಂದಾದ ಮೇಲೆ ಮಗಳ ಬಗ್ಗೆ ನಾನು ಹೇಳಿದ ಒಳ್ಳೆಯ ಮಾತುಗಳನ್ನು ಯಾರು ನಂಬುತ್ತಾರೆ?

ಮರುದಿನವೇ ಕೊಯ್ಲು ಮುಗಿದ ಗದ್ದೆಗಿಳಿದೆ. ಚಿಕ್ಕಂದಿನಲ್ಲಿ ಕಾಳು ಉದುರಿಸುವ ಹಡಿಮಂಚಕ್ಕೆ ಭತ್ತದ ಸೂಡಿ ಬಡಿದ ಕೈ ನನ್ನದು. ಅದೇ ವರಸೆಯಲ್ಲಿ ಹಲ್ಲು ಕಚ್ಚಿ ಬೀಸಿದೆ. ಚೆಂಡು ಕೂತಲ್ಲೇ ಕೂತಿತ್ತು, ನಾನು ಮಾತ್ರ ಒಂದು ಸುತ್ತು ತಿರುಗಿ ಕೆಸರಿನಲ್ಲಿ ಕೂತಿದ್ದೆ. ಕೊನೆಗೆ ಯೂಟ್ಯೂಬಿನ ಗುರುಗಳೊಬ್ಬರನ್ನು ಹಿಡಿದೆ. ಅವರದು ಒಂದೇ ಮಂತ್ರ: ನಿಧಾನ, ಇನ್ನೂ ನಿಧಾನ. ಕೋಲನ್ನು ಹಿಂದಕ್ಕೆ ಒಯ್ಯುವಾಗ ಎಲ್ಲಿ ಬೇಕಾದರೂ ನಿಲ್ಲಿಸುವಂತಿರಬೇಕಂತೆ. ಬರುವಾಗ ಮೊದಲು ಸೊಂಟ ತಿರುಗಬೇಕು, ಆಮೇಲೆ ಭುಜ, ಕೈ ಕಟ್ಟಕಡೆಗೆ. ಕೇಳಲು ಸುಲಭ ಮಾರಾಯ್ರೆ! ನನ್ನ ಕೈ ಮಾತ್ರ ಊಟದ ಮನೆಯಲ್ಲಿ ಮೊದಲ ಪಂಕ್ತಿಗೆ ನುಗ್ಗುವವರಂತೆ ಮುಂದೆ ಬರುತ್ತಿತ್ತು. ಆದರೂ ಬಿಡದೆ ಬೆಳಿಗ್ಗೆ ಬೆಳಿಗ್ಗೆ ಮುಂಡು ಎತ್ತಿಕಟ್ಟಿ, ನೆಲ ನೋಡುತ್ತ, ಉಸಿರು ಬಿಗಿಹಿಡಿದು ಕೋಲನ್ನು ಇಂಚಿಂಚಾಗಿ ಸರಿಸಿದೆ. ಅಷ್ಟು ನಿಧಾನ ಮಾಡಿದರೆ ತೋಳು ಗಡಗಡ ನಡುಗುತ್ತದೆ, ಕೋಲೂ ನಡುಗುತ್ತದೆ. "ಹ್ವಾಯ್, ನಿಮ್ಗೆ ಚಳಿಜ್ವರ ಎಂತಾರೂ ಬಂತಾ?" ಎಂದು ಶೈಲಾ ಅಂಗಳದಿಂದಲೇ ಕೇಳುತ್ತಿದ್ದಳು.

ಒಂದು ದಿನ ಚೆಂಡು ಸೊಟ್ಟಗೆ ಹಾರಿ ಪಕ್ಕದ ಗಿರಿಜಕ್ಕನ ಹಿತ್ತಲಿಗೆ ಬಿತ್ತು. ಹುಡುಕಿಕೊಂಡು ಹೋದವನು ಅಲ್ಲೇ ನಿಂತು ಒಂದು ಸಲ ನಿಧಾನಕ್ಕೆ ಬೀಸಿ ನೋಡಿದೆ. ಹಿಂದಿನಿಂದ "ಅಯ್ಯಯ್ಯೋ ದೇವ್ರೇ!" ಎಂಬ ಉದ್ಗಾರ ಕೇಳಿಸಿತು. ತಿರುಗಿದರೆ ಗಿರಿಜಕ್ಕ ಕೈಮುಗಿದು ನಿಂತಿದ್ದಾರೆ. "ಶೆಟ್ರೇ, ನೀವ್ ನೀರ್ ಕಾಂತ್ರಿ ಅಂದೇಳಿ ಒಂದ್ ಮಾತ್ ಹೇಳುಕಾಗ್ದಾ? ಕೋಲ್ ಹ್ಯಾಂಗ್ ನಡ್ಗ್ತ್ ಕಾಣಿ!" ನಮ್ಮ ಕಡೆ ಬಾವಿ ತೋಡುವ ಮೊದಲು ನೀರು ಕಾಣುವವರನ್ನು, ಅಂದರೆ ಕೋಲು ಹಿಡಿದು ಅದು ನಡುಗಿದಲ್ಲಿ ನೀರಿನ ಸೆಲೆ ಹೇಳುವವರನ್ನು, ಕರೆಸುವುದು ವಾಡಿಕೆ. ಹೊಳೆ ಬದಿಯ ಗಿರಿಜಕ್ಕನ ಬಾವಿಗೆ ಬೇಸಿಗೆಯಲ್ಲಿ ಉಪ್ಪುನೀರು ನುಗ್ಗುತ್ತದೆ ಪಾಪ, ಅವರು ಹೊಸ ಬಾವಿಗೆ ಜಾಗ ಹುಡುಕುತ್ತಿದ್ದರು. "ಅಕ್ಕ, ಇದ್ ಗಾಲ್ಫ್" ಎಂದೆ. "ಗೊತ್ತಿದ್ದವ್ರ್ ಯಾರೂ ಗೊತ್ತಿತ್ತ್ ಅಂತ್ರಿಲ್ಲೆ" ಎಂದು ನಕ್ಕು, ನಾನು ನಿಂತಲ್ಲೇ ಗುರುತಿಗೆ ಒಂದು ಕಲ್ಲಿಟ್ಟರು. ಅಲ್ಲೇ ತೋಡಿಸಿದರು. ನನ್ನ ಗ್ರಹಚಾರಕ್ಕೆ ನೀರು ಬಂತು, ಅದೂ ಎಳನೀರಿನಷ್ಟು ಸಿಹಿ!

ಅಲ್ಲಿಂದ ಸುದ್ದಿ ಬೈಂದೂರಿನವರೆಗೂ ಹೋಯಿತು. ನಾನು ಗದ್ದೆಗಿಳಿದರೆ ಸಾಕು, ಬದುವಿನ ಮೇಲೆ ಜನ. ಆದರೆ ಸತ್ಯ ಹೇಳುತ್ತೇನೆ, ಇದರ ನಡುವೆ ನನ್ನ ಬೀಸು ನಿಜಕ್ಕೂ ಸುಧಾರಿಸಿತ್ತು. ಸೊಂಟ, ಭುಜ, ಕೈ ಎಲ್ಲ ಸರದಿಯಲ್ಲಿ ಬರತೊಡಗಿದ್ದವು. ಖುಷಿಗೆ ನನಗೆ ರಾತ್ರಿ ನಿದ್ದೆಯಲ್ಲೂ ನಗು.

ನಿಶ್ಚಿತಾರ್ಥದ ದಿನ ಊಟ ಮುಗಿಸಿ ಎಲ್ಲರೂ ಗದ್ದೆಗೆ ಬಂದರು. ಹೆಗ್ಡೆಯವರು ಮುಂದೆ, ಅವರ ಕಿವಿಯಲ್ಲಿ ಏನೋ ಹೇಳುತ್ತ ಗಿರಿಜಕ್ಕ ಪಕ್ಕದಲ್ಲಿ. ಕೋಲನ್ನು ನಿಧಾನವಾಗಿ ಹಿಂದಕ್ಕೆ ಒಯ್ದೆ. ತೋಳು ಅಭ್ಯಾಸಬಲದಿಂದ ಒಮ್ಮೆ ನಡುಗಿತು. ಆಮೇಲೆ ಸೊಂಟ ತಿರುಗಿತು ನೋಡಿ, ಠಣ್! ಚೆಂಡು ತೆಂಗಿನ ತಲೆಗಳನ್ನೆಲ್ಲ ದಾಟಿ ಹೊಳೆಯ ಕಡೆಗೆ ಹೋಗುತ್ತಲೇ ಇತ್ತು. ಜನ್ಮದಲ್ಲಿ ಅಂಥದ್ದೊಂದು ಹೊಡೆತ ಹೊಡೆದಿರಲಿಲ್ಲ, ಇನ್ನು ಹೊಡೆಯುವುದೂ ಇಲ್ಲ. ಕೋಲನ್ನು ಹೆಗಲ ಮೇಲೇರಿಸಿಕೊಂಡು ಚಪ್ಪಾಳೆಗೆ ಕಾದೆ. ಸದ್ದೇ ಇಲ್ಲ. ತಿರುಗಿ ನೋಡಿದರೆ ಅಷ್ಟೂ ಜನ ತಲೆ ಬಗ್ಗಿಸಿ ನನ್ನ ಕಾಲಬುಡ ನೋಡುತ್ತಿದ್ದಾರೆ. ಹೆಗ್ಡೆಯವರು ರೇಷ್ಮೆ ಪಂಚೆಯಲ್ಲೇ ಮೊಣಕಾಲೂರಿ ಅಲ್ಲೊಂದು ಕಲ್ಲು ಇಡುತ್ತಿದ್ದಾರೆ!

"ಹೆಗ್ಡೇರೆ, ಚೆಂಡ್ ಕಂಡ್ರ್ಯಾ?" ಎಂದೆ ಹೊಳೆಯ ಕಡೆ ಕೈ ತೋರಿಸಿ.

"ಯಾವ್ ಚೆಂಡ್?" ಎಂದರು ಬೀಗರು. "ಅದ್ ಬಿಡಿ ಮಾರಾಯ್ರೆ. ಮೈಸೂರಂಗೆ ನಮ್ಮ್ ಹೊಸ ಹೋಟ್ಲಿನ್ ಜಾಗ್ದಗೆ ತೋಡ್ಸಿದ್ ಬೋರ್ ಎಲ್ಲ ಒಣಗಿ ಹೋಯ್ತ್. ನೀವ್ ನೀರ್ ಕಾಂಬುದ್ ಹೌದಾ?"

ಶೈಲಾ ನನ್ನನ್ನೇ ನೋಡುತ್ತಿದ್ದಳು. ಇಲ್ಲ ಎನ್ನಲು ಎಷ್ಟು ಹೊತ್ತು ಬೇಕಿತ್ತು? ನಾನು ಮೀಸೆ ತೀಡಿಕೊಂಡು "ಅಲ್ಪಸ್ವಲ್ಪ" ಎಂದೆ.