ಗ್ರಹಗಳ ವಿಳಾಸ ಬಲ್ಲ ಮಾವ

ನಮ್ಮ ಸೋದರಮಾವನಿಗೆ ಈ ಕ್ಷಣ ಶನಿ ಎಲ್ಲಿದ್ದಾನೆಂದು ಕರಾರುವಾಕ್ಕಾಗಿ ಗೊತ್ತು. ತಮ್ಮ ಕನ್ನಡಕ ಎಲ್ಲಿದೆಯೆಂದು ಮಾತ್ರ ಅತ್ತೆಯೇ ಹೇಳಬೇಕು. ಅಂಚೆ ಕಚೇರಿಯಿಂದ ನಿವೃತ್ತರಾದ ಮೇಲೆ ಆರ್.ಟಿ. ನಗರದ ಮನೆಯ ವರಾಂಡದಲ್ಲಿ ಕೂತು, ಹಳೆಯ ಕ್ರಮದಲ್ಲಿ ಗ್ರಹಗಳ ಲೆಕ್ಕ ಹಾಕುವುದೇ ಅವರ ಕಸುಬು. ಕಸುಬು ಎಂದರೆ ತಪ್ಪಾದೀತು. ಕಸುಬಿನಿಂದ ಯಾರಿಗಾದರೂ ಉಪಯೋಗವಿರುತ್ತದೆ. ಕಲಿಯುಗ ಶುರುವಾದಂದಿನಿಂದ ಇಂದಿನವರೆಗೆ ಎಷ್ಟು ದಿನ ಕಳೆಯಿತೆಂದು ಎಣಿಸುವುದರಿಂದ ಅವರ ಲೆಕ್ಕ ಆರಂಭ. ಕೇಳುವಾಗಲೇ ನನಗೆ ಸುಸ್ತು, ಅಷ್ಟೂ ದಿನ ನಾನೇ ಆಫೀಸಿಗೆ ಹೋಗಿ ಬಂದಂತೆ!

ಒಮ್ಮೆ ಸೂರ್ಯಗ್ರಹಣಕ್ಕೆ ಹದಿನೈದು ದಿನ ಗುಣಾಕಾರ, ಭಾಗಾಕಾರ ಮಾಡಿ, ಹಿಡಿಯುವ ಹೊತ್ತನ್ನೂ ಬಿಡುವ ಹೊತ್ತನ್ನೂ ಕಂಡುಹಿಡಿದರು. ನಾನು ಅವತ್ತಿನ ಪೇಪರ್ ತೋರಿಸಿದೆ.

“ಮಾವ, ಇಲ್ಲೇ ಕೊಟ್ಟಿದ್ದಾರಲ್ಲ.”

“ಅವರಿಗೆ ಗೊತ್ತಿತ್ತು ಕಣೋ. ನಂಗೆ ಗೊತ್ತಿರ್ಲಿಲ್ವಲ್ಲ.”

ಗ್ರಹಣ ಸಂಜೆಯ ಹೊತ್ತಿನದು. ಸುತ್ತಲಿನ ಕಟ್ಟಡಗಳ ದೆಸೆಯಿಂದ ಅವರ ಮನೆಯಿಂದ ಸಂಜೆಯ ಸೂರ್ಯ ಕಾಣುವುದಿಲ್ಲ. ಆದ್ದರಿಂದ ಯಲಹಂಕದ ಆಚೆ ಬಯಲಿಗೆ ಹೋಗಿ ಗ್ರಹಣ ನೋಡುವುದೆಂದಾಯಿತು. ಎಂದಿನಂತೆ ಕಾರು ನನ್ನದು, ರಜೆಯೂ ನನ್ನದು. ಹೆಬ್ಬಾಳದ ಮೇಲ್ಸೇತುವೆ ಹತ್ತಿದ್ದಷ್ಟೇ, ಇಳಿಯಲಾಗಲಿಲ್ಲ. ಮುಂದೊಂದು ಲಾರಿ, ಪಕ್ಕದಲ್ಲೊಂದು ಬಸ್ಸು. ಮಾವ ವಾಚ್ ನೋಡುತ್ತ, “ಈಗ ಹಿಡೀತು,” ಎಂದರು. ಬಹಳ ಹೊತ್ತಿನ ಮೇಲೆ, ಅದೇ ಲಾರಿಯ ಹಿಂದೆಯೇ, “ಈಗ ಬಿಡ್ತು. ಮನೆಗೆ ನಡಿ,” ಎಂದರು.

“ನೋಡೋಕೆ ಅಂತಾನೇ ಹೊರಟಿದ್ದಲ್ವಾ ಮಾವ?”

“ನೋಡಿದ್ರೂ ಅಷ್ಟು ಹೊತ್ತಿಗೇ ಬಿಡ್ತಿತ್ತು.”

ಇಷ್ಟು ಬಲ್ಲವರು ನಾಲ್ಕು ಜಾತಕ ನೋಡಿದ್ದರೆ ಮನೆಯ ಮೇಲೆ ಇನ್ನೊಂದು ಮಹಡಿ ಏಳುತ್ತಿತ್ತು ಎಂದು ಅತ್ತೆಯ ಕೊರಗು. ಮಾವ ಜಾತಕ ಮುಟ್ಟುವುದಿಲ್ಲ. ತಮ್ಮ ಹೊಲವಿದ್ದಲ್ಲಿ ಅಪಾರ್ಟ್‌ಮೆಂಟ್ ಕಟ್ಟಿಸಲು ಹೊರಟ ಬ್ಯಾಟರಾಯನಪುರದ ಗೌಡರೊಬ್ಬರು ಒಂದು ದಿನ ಹಣ್ಣಿನ ಬುಟ್ಟಿಯೊಂದಿಗೆ ಬಂದರು.

“ಸ್ವಾಮಿ, ಪಾಯ ತೆಗೀಬೇಕು. ಗುರು ಎಂಗವ್ನೆ ಅಂತ ಒಸಿ ನೋಡಿ ಏಳಿ.”

“ಎಲ್ಲಿದ್ದಾನೆ ಅಂತ ಹೇಳ್ತೀನಿ. ಹೆಂಗಿದ್ದಾನೆ, ಏನ್ ಮಾಡ್ತಾನೆ, ಅದೆಲ್ಲ ನಂಗೆ ಗೊತ್ತಿಲ್ಲ.”

“ಮತ್ತೆ ಇಷ್ಟೆಲ್ಲ ಬರ್ಕೊಂಡು ಕುಂತಿರೋದು ಯಾಕೆ?”

“ಎಲ್ಲಿದ್ದಾನೆ ಅಂತ ತಿಳಿಯೋಕೆ.”

ಗೌಡರು ನನ್ನ ಮುಖ ನೋಡಿದರು. ನಾನು ಹಣ್ಣಿನ ಬುಟ್ಟಿ ನೋಡಿದೆ. ಅದು ಗೌಡರ ಜೊತೆಯಲ್ಲೇ ವಾಪಸು ಹೋಯಿತು.

ಕಳೆದ ವರ್ಷ ಅಮ್ಮನಿಗೆ ಹೃದಯದ ಆಪರೇಷನ್ ಆಗಬೇಕಾಯಿತು. ಡಾಕ್ಟರು ಮಂಗಳವಾರ ಎಂದರು, ತಡಮಾಡಿದರೆ ಅಪಾಯ ಎಂದೂ ಹೇಳಿದರು. ಅಮ್ಮ ಮಂಗಳವಾರ ಬೇಡವೇ ಬೇಡ ಎಂದು ಹಟ ಹಿಡಿದಳು. ನಾನು ಬೇಡಿದೆ, ರೇಗಿದೆ. ಒಪ್ಪಿಗೆ ಪತ್ರಕ್ಕೆ ಸಹಿ ಬೀಳಲಿಲ್ಲ.

“ನನ್ ತಮ್ಮ ಬಂದು ದಿನ ಚೆನ್ನಾಗಿದೆ ಅಂತ ಹೇಳ್ಲಿ. ಆಮೇಲೆ ಹಾಕ್ತೀನಿ.”

ಮಾವನಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಜನ್ಮದಲ್ಲಿ ಹೇಳಿದವರಲ್ಲ. ಬರುತ್ತಾರೆಂಬ ನಂಬಿಕೆಯೂ ನನಗಿರಲಿಲ್ಲ.

ಬಂದರು. ಆಸ್ಪತ್ರೆಯ ಮಂಚದ ಅಂಚಿನಲ್ಲಿ ಕೂತು, ಅಮ್ಮನ ಕೈ ಹಿಡಿದು, “ಅಕ್ಕಾ, ಮಂಗಳವಾರ ನಿಂಗೆ ಗುರುಬಲ ತುಂಬಾ ಚೆನ್ನಾಗಿದೆ. ಏನೂ ಆಗಲ್ಲ,” ಎಂದರು. ಅಮ್ಮ ಪೆನ್ನು ಕೇಳಿದಳು. ಇಷ್ಟು ವರ್ಷ ಅವರು ಯಾರಿಗೂ ಹಾಗೆ ಹೇಳಿರಲಿಲ್ಲವೆಂದೇ ಅವಳಿಗೆ ಅಷ್ಟು ನಂಬಿಕೆ.

ಹೊರಗೆ ಬಂದ ಮೇಲೆ ಕೇಳಿದೆ. “ನಿಜವಾಗ್ಲೂ ಲೆಕ್ಕ ಹಾಕಿದ್ರಾ ಮಾವ?”

“ಇಲ್ಲ ಕಣೋ. ನಿಮ್ಮಮ್ಮನ್ನ ಇಲ್ಲಿ ಸೇರಿಸಿದಾಗಿಂದ ಪುಸ್ತಕ ತೆಗೆದಿಲ್ಲ. ಎರಡಂಕಿ ಕೂಡಿಸೋಕೂ ಆಗ್ತಿಲ್ಲ.”

ಬೆಂಚಿನ ಮೇಲೆ ಕುಸಿದು ಕೂತರು. ಉಪಯೋಗವೇನು, ಉಪಯೋಗವೇನು ಎಂದು ಇಷ್ಟು ಕಾಲ ಅವರನ್ನು ಪೀಡಿಸಿದ ನನಗೆ ನಾಚಿಕೆಯೂ ಅಳುವೂ ಒಟ್ಟಿಗೇ ಬಂದವು. ಮಾವ ನನ್ನ ಕಡೆ ತಿರುಗಿದರು.

“ಅಕ್ಕ ಹುಷಾರಾಗ್ತಾಳೆ ಅಲ್ವೇನೋ?”

ಯಾವ ಗ್ರಹ ಎಲ್ಲಿದೆಯೆಂದೂ ಅರಿಯದ ನಾನು, “ಆಗ್ತಾಳೆ ಮಾವ,” ಎಂದೆ. ಅವರು ನಂಬಿದರು.