ಉಪ್ಪಿನ ಗಿಡವೂ ಅತ್ತೆಯ ನಾಲಿಗೆಯೂ

ನಮ್ಮ ಅತ್ತೆಯ ಜೊತೆ ನೀವು ಎಲ್ಲಿಗೆ ಬೇಕಾದರೂ ಹೋಗಬಹುದು, ಮಾನ ಉಳಿಸಿಕೊಂಡು ವಾಪಸ್ ಬರುವುದು ಮಾತ್ರ ಸಾಧ್ಯವಿಲ್ಲ! ಯಾಕೆಂದರೆ ಅವರು ಎಲೆ ನೆಕ್ಕುತ್ತಾರೆ. ಬಾಳೆ ಎಲೆಯಲ್ಲ ಸ್ವಾಮಿ, ಪಾಯಸ ಬಿದ್ದ ಬಾಳೆ ಎಲೆ ನೆಕ್ಕುವವರು ನಮ್ಮ ವಂಶದಲ್ಲಿ ಬೇಕಾದಷ್ಟಿದ್ದಾರೆ. ಇವರು ನೆಕ್ಕುವುದು ರಸ್ತೆ ಬದಿಯ ಕಳೆ ಗಿಡದ ಎಲೆ!

ಅತ್ತೆ ಎಂದರೆ ಅಪ್ಪನ ಅಕ್ಕ. ಹೊಳೆನರಸೀಪುರದಲ್ಲಿ ಹೈಸ್ಕೂಲು ಮಕ್ಕಳಿಗೆ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ಮದುವೆ ಯಾಕಾಗಲಿಲ್ಲ ಅಂತ ಕೇಳಿದರೆ "ಪುರುಸೊತ್ತಾಗ್ಲಿಲ್ಲ ಕಣೇ" ಅನ್ನುತ್ತಾರೆ. ಆ ಪುರುಸೊತ್ತನ್ನೆಲ್ಲ ತಿಂದುಹಾಕಿದ್ದು ಒಂದು ಗಿಡ. ನಾವು ಹುಳಿಗೆ ಹಾಕುವ ಚಕ್ಕೋತ ಸೊಪ್ಪು ಗೊತ್ತಲ್ಲ, ಅದರ ಕಾಡು ತಂಗಿ. ಉಪ್ಪು ಬೆಳ್ಳಗೆ ಮೇಲೆದ್ದ ಚೌಳು ನೆಲವನ್ನು ಕಂಡರೆ ರಾಗಿಯೂ ಮುಖ ತಿರುಗಿಸುತ್ತದೆ. ಇದಕ್ಕೆ ಅದೇ ಸ್ವರ್ಗ. ಮಳೆಗೆ ಹುಟ್ಟಿ, ಬೇಸಿಗೆಯೊಳಗೆ ಬೀಜ ಕಟ್ಟಿ, ಒಣಗಿ ಹೋಗುತ್ತದೆ. ಎಲೆಯ ಮೇಲೆ ಅಕ್ಕಿಹಿಟ್ಟು ಉದುರಿಸಿದಂತೆ ಬಿಳಿ ಪುಡಿ. ಪುಡಿಯಲ್ಲವಂತೆ, ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳಂತೆ! ಬೇರು ಹೀರಿದ ಉಪ್ಪನ್ನು ಗಿಡ ಆ ಗುಳ್ಳೆಗಳಿಗೆ ಸಾಗಹಾಕಿ ತಾನು ಹಾಯಾಗಿರುತ್ತದಂತೆ. ಹಾಗಾಗಿ ಎಲೆ ನೆಕ್ಕಿದರೆ ಉಪ್ಪು. "ಕಣ್ಣು ಮೋಸ ಹೋಗುತ್ತೆ, ನಾಲಿಗೆ ಹೋಗಲ್ಲ" ಎಂಬುದು ಅತ್ತೆಯ ಸಿದ್ಧಾಂತ.

ಸಿದ್ಧಾಂತಕ್ಕೆ ಪೆಟ್ಟು ಬಿದ್ದದ್ದು ಬಾಗೂರಿನ ದಾರಿಯಲ್ಲಿ. ಯಾರದೋ ಮನೆಯ ನಾಮಕರಣಕ್ಕೆ ರೇಷ್ಮೆ ಸೀರೆಯುಟ್ಟು ಹೊರಟಿದ್ದೆವು. ಅತ್ತೆ ಆಟೋ ನಿಲ್ಲಿಸಿ, ಸೆರಗು ಸಿಕ್ಕಿಸಿ, ನೀರಿನ ಚಾನಲ್ ಏರಿಯ ಕೆಳಗೆ ಇಳಿದೇಬಿಟ್ಟರು. ಎಲೆ ಕಿತ್ತರು, ನೆಕ್ಕಿದರು, ಕಣ್ಣರಳಿಸಿದರು.

"ಉಪ್ಪು ಕಣೇ! ಇಷ್ಟೊಂದು ಉಪ್ಪು ನಾನು ಎಲ್ಲೂ ನೋಡಿಲ್ಲ!"

ಪಕ್ಕದಲ್ಲೇ ಆಡು ಮೇಯಿಸುತ್ತಿದ್ದ ಅಜ್ಜ ಬೀಡಿ ಬಾಯಿಂದ ತೆಗೆದ. "ಇಲ್ದೆ ಏನ್ ಮಾಡ್ತದವ್ವಾ? ನಮ್ ಆಡು ಈಗ್ತಾನೇ ಅದ್ರ ಮ್ಯಾಲೆ ಉಚ್ಚೆ ಉಯ್ದು ಓಯ್ತು!"

ನಾನು ಭೂಮಿ ಬಾಯಿ ಬಿಡಲಿ ಎಂದು ಕಾದೆ. ಅತ್ತೆ? ನಾಲಿಗೆಯನ್ನು ಕರವಸ್ತ್ರದಲ್ಲಿ ಒರೆಸಿಕೊಂಡು, "ಆಡಿನ ಉಪ್ಪು ಬೇರೆ, ಗಿಡದ ಉಪ್ಪು ಬೇರೆ. ತಾಳೆ ನೋಡ್ಬೇಕು" ಎಂದು ಪಕ್ಕದ ಗಿಡಕ್ಕೆ ಕೈಹಾಕಿದರು!

ಇಷ್ಟೆಲ್ಲ ಗೇಲಿ ಮಾಡುವ ನಾನು ಯಾವ ಮಹಾ ಪಂಡಿತೆ? ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದವಳು. ಮನೆಯಲ್ಲಿ ಎಲ್ಲರೂ ಕೈಬಿಟ್ಟಾಗ ಅಪ್ಪ ನನ್ನನ್ನು ಅತ್ತೆಯ ಮನೆಗೆ ತಂದು ಇಳಿಸಿದರು. ಅತ್ತೆ ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಎರಡು ಕರಟಕ್ಕೆ ಮಣ್ಣು ತುಂಬಿ ಕೈಗಿಟ್ಟರು. ಆ ಗಿಡದ ಬೀಜ ಪುಟ್ಟ ಎರಡು ಎಲೆಗಳ ನಡುವೆ, ಮುಗಿದ ಕೈಯೊಳಗಿನ ಹೂವಿನಂತೆ ಕೂತಿರುತ್ತದೆ. ಒಂದೇ ಗಿಡದಲ್ಲಿ ಎರಡು ಜಾತಿ: ದಪ್ಪ ಕಂದು ಬೀಜ, ಸಣ್ಣ ಕರಿ ಬೀಜ. ಒಂದೊಂದು ಕರಟಕ್ಕೆ ಒಂದೊಂದು ಜಾತಿ ಬಿತ್ತಿದೆ. ಕಂದು ಬೀಜ ವಾರಕ್ಕೇ ಎದ್ದಿತು. ಕರಿ ಬೀಜಕ್ಕೆ ಎರಡು ತಿಂಗಳು ನೀರು ಹೊಯ್ದರೂ ಸುದ್ದಿಯೇ ಇಲ್ಲ.

"ಸತ್ತೋಗಿವೆ ಅತ್ತೆ. ಎಸೀಲಾ?"

"ಸತ್ತಿಲ್ಲ ಕಣೇ, ಕಾಯ್ತಿವೆ. ಎಲ್ಲಾ ಬೀಜಾನೂ ಮೊದಲ ಮಳೆಗೇ ಎದ್ದು, ಆಮೇಲೆ ಮಳೆ ಕೈಕೊಟ್ಟರೆ ವಂಶಾನೇ ಹೋಯ್ತಲ್ಲ? ಅದಕ್ಕೇ ಕರೀದು ಒಂದೆರಡು ವರ್ಷ ತಡೆದು ಏಳುತ್ತೆ. ಗಿಡಕ್ಕೆ ಎರಡೂ ಬೇಕು." ತಟ್ಟೆಗೆ ಹುಳಿ ಬಡಿಸುತ್ತಾ ಸೇರಿಸಿದರು, "ನಿಮ್ಮಪ್ಪನಿಗೆ ಬಾಟನಿ ಬರಲ್ಲ. ಅದಕ್ಕೇ ಹೆದರ್ತಾನೆ."

ಮರುವರ್ಷ ನಾನು ಪಾಸಾದೆ. ಅದೇ ವಾರ ಕರಿ ಬೀಜದ ಕರಟದಲ್ಲೂ ಮೂರು ಮೊಳಕೆ! ಅತ್ತೆ ಬೀದಿಗೆಲ್ಲ ಪೇಡ ಹಂಚಿದರು. ಯಾವುದಕ್ಕೆ ಹಂಚಿದರು ಅಂತ ನಾನು ಇವತ್ತಿಗೂ ಕೇಳಿಲ್ಲ.

ಈಗ ನಾನೂ ಚನ್ನರಾಯಪಟ್ಟಣದಲ್ಲಿ ಟೀಚರ್. ಅಲ್ಲಿ ಸೈಟು ಕೊಂಡು ಗುದ್ದಲಿ ಪೂಜೆಗೆ ಅತ್ತೆಯನ್ನು ಕರೆದದ್ದು ನನ್ನದೇ ತಪ್ಪು. ಸೈಟಿನ ಮೂಲೆಯಲ್ಲಿ ಹತ್ತಾರು ಉಪ್ಪಿನ ಗಿಡ! ಅತ್ತೆ ಒಂದೆಲೆ ನೆಕ್ಕಿದ್ದೇ ತಡ, "ಬೀಜ ಬಲಿತಿಲ್ಲ. ಮುಹೂರ್ತ ಮುಂದಕ್ಕೆ ಹಾಕು" ಎಂದು ಅಪ್ಪಣೆಯಾಯಿತು. ಪುರೋಹಿತರು ಪಂಚಾಂಗ ತೋರಿಸಿದರು. ಅತ್ತೆ ಗಿಡ ತೋರಿಸಿದರು. ಗಿಡವೇ ಗೆದ್ದಿತು! ಒಂದೂವರೆ ತಿಂಗಳ ನಂತರ ಗಾರೆ ಮೇಸ್ತ್ರಿ ಬಂದಾಗ ಅತ್ತೆ ಅವನಿಗೂ ಪಾಠ ಮಾಡಿದರು: ಈ ಗಿಡ ಇದ್ದಲ್ಲಿ ನೆಲದಲ್ಲಿ ಉಪ್ಪಿದೆ. ಮೇಸ್ತ್ರಿ ಮಣ್ಣು ಕೆದಕಿ, "ದಿಟ ಕಣಕ್ಕಾ, ಇಂಗೇ ಕಟ್ಟಿದ್ರೆ ಉಪ್ಪು ಪಾಯ ತಿಂದಾಕ್ಬುಡ್ತದೆ" ಎಂದು ಪಾಯದ ಉದ್ದಕ್ಕೂ ಮಣ್ಣು ತೆಗೆಸಿ ಬೇರೆ ಮಣ್ಣು ಹಾಕಿಸಿದ. ನನ್ನ ಮನೆ ನೆಟ್ಟಗೆ ನಿಂತಿರುವುದೂ ಆ ನಾಲಿಗೆಯ ಪುಣ್ಯವೇ. ಜೆಸಿಬಿ ಗಿಡಗಳನ್ನೆಲ್ಲ ಕೆರೆದು ಹಾಕುವಾಗ ಅತ್ತೆ, "ಕರಿ ಬೀಜ ಒಂದಾದ್ರೂ ಉಳಿದಿರುತ್ತೆ, ನೋಡ್ತಿರು" ಎಂದರು.

ಕಳೆದ ವರ್ಷ ಅತ್ತೆಗೆ ಎಂಥದೋ ಜ್ವರ ಬಂತು. ಜ್ವರ ಬಿಟ್ಟ ಮೇಲೆ ನೋಡಿಕೊಳ್ಳಲು ಹೋದ ನಾನು ಅಡುಗೆ ಮಾಡಿದೆ. ಅತ್ತೆ ಎರಡು ಸಲ ಹುಳಿ ಹಾಕಿಸಿಕೊಂಡು ಉಂಡರು. ಆಮೇಲೆ ನಾನು ಕೂತು ಒಂದು ತುತ್ತು ಬಾಯಿಗಿಟ್ಟರೆ, ಅದಕ್ಕೆ ಉಪ್ಪೇ ಹಾಕಿರಲಿಲ್ಲ! ಕೈ ನಿಂತಿತು. ಅತ್ತೆ ತಲೆ ತಗ್ಗಿಸಿ, "ಯಾವ ರುಚೀನೂ ಗೊತ್ತಾಗ್ತಿಲ್ಲ ಕಣೇ. ಯಾರಿಗೂ ಹೇಳ್ಬೇಡ" ಅಂದರು. ರುಚಿ ಮತ್ತೆ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಅತ್ತೆ ಗಿಡ ಹುಡುಕಿ ಹೊರಗೆ ಹೋಗುವುದನ್ನೇ ಬಿಟ್ಟರು. ನನ್ನ ಮಾನ ಉಳಿಯಿತು. ಹಾಳು ಮಾನ, ಯಾರಿಗೆ ಬೇಕಾಗಿತ್ತು!

ಈ ಮಳೆಗಾಲ ನನ್ನ ಕಾಂಪೌಂಡಿನ ಹೊರಗೆ, ಚರಂಡಿಯ ಪಕ್ಕ, ಒಂದು ಸಸಿ ಎದ್ದಿತು. ಎಲೆಯ ಮೇಲೆ ಬಿಳಿ ಪುಡಿ. ಫೋಟೋ ಕಳಿಸಿದೆ. ತಕ್ಷಣ ಅತ್ತೆಯ ಫೋನು.

"ಫೋಟೋದಲ್ಲಿ ಚಕ್ಕೋತಾನೂ ಹಾಗೇ ಕಾಣುತ್ತೆ. ನಾನು ಬಂದು ನೋಡೋಣ ಅಂದ್ರೆ..."

ಎದುರು ಮನೆಯಾಕೆ ರಂಗೋಲಿ ಹಾಕುತ್ತಿದ್ದರು. ನನ್ನದೇ ಕ್ಲಾಸಿನ ಮಕ್ಕಳು ಸ್ಕೂಲಿಗೆ ಹೊರಟಿದ್ದವು. ನಾನು ಚರಂಡಿಯ ಪಕ್ಕ ಕೂತು ಎಲೆ ಕಿತ್ತೆ.

"ಆಡು ಗೀಡು ಓಡಾಡಿಲ್ಲ ತಾನೇ?" ಎಂದರು ಅತ್ತೆ.

"ಇಲ್ಲ ಅತ್ತೆ." ನೆಕ್ಕಿದೆ. "ಉಪ್ಪು! ಚೆನ್ನಾಗಿ ಉಪ್ಪಿದೆ ಅತ್ತೆ. ನಿಮ್ಮ ಕರಿ ಬೀಜಾನೇ!"

ಅತ್ತೆ, "ಇನ್ನೊಂದೆಲೆ ನೋಡು. ತಾಳೆ ಆಗ್ಬೇಕು" ಅಂದರು.

ಇನ್ನೊಂದನ್ನೂ ನೆಕ್ಕಿದೆ. "ಇದೂ ಉಪ್ಪೇ. ಆದ್ರೆ ಇದನ್ನ ಲೆಕ್ಕಕ್ಕೆ ತಗೋಬೇಡಿ ಅತ್ತೆ, ನಾನು ಅಳ್ತಿದ್ದೀನಿ."

"ಹಾಗಾದ್ರೆ ಕಣ್ಣೊರೆಸ್ಕೊಂಡು ಮೂರನೇದು ನೋಡು" ಎಂದರು ಅತ್ತೆ.